ಕರೆಯದೆ ಬಂದವರು

ಆಗಸ್ಟ್ 30

ಕಾಜಾನ್ಲಿಕ್‌ನ ಬಾಯಿಬಡುಕಿ ರಾಯ್ನಾಳನ್ನು ಇವತ್ತು ಒಂದು ವಾರದ ಮಟ್ಟಿಗೆ ಗುಂಪಿನಿಂದ ಆಚೆ ಹಾಕಿದೆ. ಬೇರೊಬ್ಬ ಸದಸ್ಯೆಗೆ ಖಾಸಗಿಯಾಗಿ ಮೆಸೇಜು ಕಳಿಸಿ, ಲ್ಯೂತೆನಿತ್ಸಾಕ್ಕೆ ಎಷ್ಟು ವಿನೆಗರ್ ಹಾಕುತ್ತೀರಿ ಎಂದು ಕೇಳಿದ್ದಾಳೆ. ದಪ್ಪ ಮೆಣಸಿನಕಾಯಿ, ಟೊಮೇಟೊ ಅರೆದು ಕುದಿಸುವ ಚಟ್ನಿಗೆ ಇಷ್ಟು ಗುಟ್ಟು ಯಾಕೆ? ಎಲ್ಲರೆದುರು ಕೇಳಲು ಏನು ದಾಡಿ? ಆ ಸದಸ್ಯೆ ನನಗೆ ದೂರು ಕೊಟ್ಟಳು, ನಾನು ನಿಯಮ ತೋರಿಸಿದೆ, ಮುಗಿಯಿತು.

‘ಚಳಿಗಾಲದ ಜಾಡಿಗಳು’ ಗುಂಪಿಗೆ ನಾನು ಅಡ್ಮಿನ್ ಆದ ದಿನದಿಂದ ಮೂರನೇ ನಿಯಮ ಕಲ್ಲಿನಲ್ಲಿ ಕೊರೆದ ಹಾಗಿದೆ: ನನ್ನ ಅನುಮತಿಯಿಲ್ಲದೆ ಯಾರೂ ಯಾರಿಗೂ ಖಾಸಗಿಯಾಗಿ ಬರೆಯಕೂಡದು. ರೂಸೆ ಊರಿನ ಒಬ್ಬ ಮಹಾಶಯ ನಮ್ಮ ಗುಂಪಿನ ಮೂವರು ವಿಧವೆಯರಿಗೆ ಒಂದೇ ಪ್ರೇಮಪತ್ರವನ್ನು, ಒಂದಕ್ಷರ ಬದಲಿಸದೆ, ಕಳಿಸಿ ಮೂವರಿಗೂ ಮದುವೆಯ ಆಸೆ ತೋರಿಸಿದ್ದ. ಅವರಲ್ಲಿ ಒಬ್ಬಳು ಮನೆಗೆ ಹೊಸ ಪರದೆ ಕೂಡ ಹೊಲಿಸಿದ್ದಳು. ಅಂಥದ್ದು ಇನ್ನೊಮ್ಮೆ ಆಗಬಾರದು.

ರಾಯ್ನಾಳ ಮೆಸೇಜನ್ನು ನಾನು ತೆರೆದು ನೋಡಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಅಡ್ಮಿನ್‌ಗೆ ಎಲ್ಲರ ಮೆಸೇಜು ಪೆಟ್ಟಿಗೆಯೂ ತೆರೆಯುತ್ತದೆ. ಆದರೆ ಇನ್ನೊಬ್ಬರ ಪತ್ರ ಓದುವ ಜಾತಿಯವಳಲ್ಲ ನಾನು.

ಸೆಪ್ಟೆಂಬರ್ 6

ಮನಸ್ಸು ತುಂಬಿದೆ, ಬರೆಯದಿದ್ದರೆ ತಡೆಯಲಾರೆ.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕುಳಿತು ಹಲ್ಲುನೋವಿನವರ ಹೆಸರು ಕೂಗುತ್ತಿದ್ದಾಗ ಫೋನ್ ಬಂತು.

“ದೊನ್ಕಾ ಅಕ್ಕ, ನಾನು ಉಪ್ಪುನೀರು.”

“ಎಂಥಾ ಉಪ್ಪುನೀರು? ಹಲ್ಲು ಕೀಳಿಸಿದ್ರಾ?”

“ಇಲ್ಲ ಅಕ್ಕ, ಗುಂಪಿನ ಉಪ್ಪುನೀರು.”

ನಗು ಬಂತು. ನಮ್ಮ ಗುಂಪಿನಲ್ಲಿ ಆ ಅಡ್ಡಹೆಸರಿನ ಒಬ್ಬಳಿದ್ದಾಳೆ. ಉಪ್ಪಿನಕಾಯಿ ಹದ ಬಲ್ಲವಳು, ಮಾತು ಕಡಿಮೆ, ನಿಜ ಹೆಸರು ಯಾರಿಗೂ ಹೇಳಿದವಳಲ್ಲ. ಹಿಂದಿನ ಕೋಣೆಗೆ ಹೋಗಿ ಮಾತಾಡಿದೆ.

ಹೆಸರು ವರ್ವಾರಾ ತೊಪಾಲೊವಾ, ಊರು ತ್ರೋಯಾನ್. ಮೂರು ವರ್ಷದ ಹಿಂದೆ ಅವಳ ಮಗ ಪ್ಲಾಮೆನ್ ಕುಡಿದು ಕಾರು ಓಡಿಸಿ, ಲೋವೆಚ್ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದ ಹುಡುಗಿಯ ಮೇಲೆ ಹರಿಸಿ ಅವಳನ್ನು ಕೊಂದ. ಈಗ ಜೈಲಿನಲ್ಲಿದ್ದಾನೆ. ಆ ಹುಡುಗಿ ಇವೆಲಿನಾ, ನಮ್ಮ ಗುಂಪಿನ ಗೆಂಚೊ ಅಣ್ಣನ ಒಬ್ಬಳೇ ಮಗಳು! ಗೆಂಚೊ ಅಣ್ಣ ಇಲ್ಲಿದ್ದಾನೆಂದು ತಿಳಿದೇ ಅವಳು ಗುಂಪಿಗೆ ಸೇರಿದಳಂತೆ. ಒಂದು ವರ್ಷದಿಂದ ಅವನ ಪ್ಲಮ್ ಜಾಮಿನ ಫೋಟೊ ನೋಡುತ್ತ, ಒಂದು ಮಾತೂ ಆಡದೆ ಕೂತಿದ್ದಾಳೆ.

“ಒಂದೇ ಒಂದು ಪತ್ರ ಬರೀಬೇಕು ಅಕ್ಕ. ಕ್ಷಮಿಸಿ ಅಂತ ಕೇಳೋ ಧೈರ್ಯಾನೂ ಇಲ್ಲ. ನಾನು ಇದ್ದೀನಿ, ದಿನಾ ನೆನೆಸ್ತೀನಿ ಅಂತಷ್ಟೇ. ಆದರೆ ಅವರ ಹೆಂಡತಿಗೆ ಗೊತ್ತಾಗಬಾರದು. ಕೋರ್ಟಲ್ಲಿ ಆಯಮ್ಮ ನನ್ನ ಮುಖ ನೋಡಿ, ‘ನಿಮ್ಮ ರಕ್ತದವರು ಯಾರೇ ನನ್ನ ಹೊಸ್ತಿಲು ಹತ್ತಿರ ಬಂದರೂ ಕೈಯಾರೆ ಸಾಯಿಸ್ತೀನಿ’ ಅಂದಿದ್ರು. ತಪ್ಪಲ್ಲ. ನಾನಾಗಿದ್ರೂ ಅದೇ ಅಂತಿದ್ದೆ.”

ಹೆಂಡತಿ ಪೆನಾ ಕೂಡ ನಮ್ಮ ಸದಸ್ಯೆಯೇ. ಯಾವಾಗಲೋ ಒಮ್ಮೆ ಬಂದು ಕೇಕಿನ ಫೋಟೊ ನೋಡಿ ಹೋಗುತ್ತಾಳೆ.

“ಬರೀರಿ ವರ್ವಾರಾ,” ಎಂದೆ. “ಇದು ನನ್ನ ಹೊಟ್ಟೆಯೊಳಗೇ ಇರುತ್ತೆ. ಮಣ್ಣಿಗೆ ಹೋಗೋವರೆಗೂ.”

ಅವಳು ಅತ್ತಳು, ನಾನೂ ಅತ್ತೆ. ಡಾಕ್ಟರು ಬಂದು, “ಏನ್ರೀ ದೊನ್ಕಾ, ರೋಗಿಗಳಿಗಿಂತ ನೀವೇ ಜಾಸ್ತಿ ಅಳ್ತಾ ಇದ್ದೀರಿ?” ಎಂದರು. ದೇವರು ನನ್ನನ್ನು ಈ ಕೆಲಸಕ್ಕೇ ಅಡ್ಮಿನ್ ಮಾಡಿದನೇನೋ ಅನಿಸಿತು.

ಸೆಪ್ಟೆಂಬರ್ 14

ಗೆಂಚೊ ಅಣ್ಣ ಉತ್ತರ ಬರೆದಿದ್ದಾನೆ! ವರ್ವಾರಾ ಫೋನ್ ಮಾಡಿ, “ನೀವು ನನಗೆ ಜೀವ ಕೊಟ್ರಿ ಅಕ್ಕ” ಎಂದಳು.

“ಏನಂತೆ? ಬೈದನಾ?”

“ಇಲ್ಲ.”

“ಮತ್ತೆ?”

“ಅದು... ಇರಲಿ ಅಕ್ಕ. ಅವರ ಮನೆ ಮಾತು.”

ಇರಲಿ. ನಾನೇನು ಅಕ್ಷರ ಅಕ್ಷರ ಓದಿ ಹೇಳು ಎಂದೆನಾ? ಜೊತೆಗೆ ಸಂತೋಷಪಡೋಣ ಎಂದು ಕೇಳಿದೆ, ಅಷ್ಟೆ.

ಸೆಪ್ಟೆಂಬರ್ 27

ಮಿತಾಳ ಜೊತೆ ಕಟ್ಟಡದ ಮುಂದೆ ಕೂತು ಚಟ್ನಿಗೆ ದಪ್ಪ ಮೆಣಸಿನಕಾಯಿ ಸುಟ್ಟೆವು. ಇಡೀ ಬೀದಿ ಸುಟ್ಟ ಮೆಣಸಿನಕಾಯಿಯ ವಾಸನೆ. ಮಿತಾ ಕೆಳಗಿನ ಮನೆಯವಳು, ನಾಲಿಗೆಗೆ ಮೂಳೆಯಿಲ್ಲ, ಕೈ ಮಾತ್ರ ಚುರುಕು. ಹೆಸರು ಹೇಳದೆ, ಯಾರೋ ಇಬ್ಬರ ವಿಷಯ ಎಂದು ಹೇಳಿದೆ. ಅನುಮತಿ ಕೊಟ್ಟವಳು ನಾನು, ಈಗ ನನಗೇ ಒಂದು ಮಾತೂ ಹೇಳುವುದಿಲ್ಲ ಎಂದೆ.

“ನಿನಗ್ಯಾಕೆ ಹೇಳಬೇಕು?”

“ನನ್ನಿಂದ ತಾನೇ ಶುರುವಾಗಿದ್ದು?”

“ಬೀಗ ತೆಗೆದುಕೊಟ್ಟೆ ತಾನೇ, ಇನ್ನೂ ಬಾಗಿಲಲ್ಲೇ ಯಾಕೆ ನಿಂತಿದ್ದೀಯ? ಬೇರೆಯವರ ಮನೆ ಕಣೇ ಅದು. ನೀನು ನಿನ್ನ ಹೊಸ ಪರದೆ ಎಳಕೊಂಡು ಆರಾಮಾಗಿ ಮಲಕ್ಕೋ.”

ಪರದೆಯ ಮಾತು ಎತ್ತುವ ಅಗತ್ಯವಿರಲಿಲ್ಲ. ನನ್ನ ಪಾಲಿನ ಮೆಣಸಿನಕಾಯಿ ಬುಟ್ಟಿಗೆ ಹಾಕಿಕೊಂಡು ಎದ್ದು ಬಂದೆ. ಸಿಪ್ಪೆ ಸುಲಿಯುವಾಗ ಬೆರಳು ಸುಟ್ಟುಕೊಂಡೆ.

ಅಕ್ಟೋಬರ್ 5

ದಿನಾ ಬರೆಯುತ್ತಾರೆ, ಇವಳು ಬೆಳಗ್ಗೆ, ಅವನು ಸಂಜೆ. ಪೆಟ್ಟಿಗೆ ತೆರೆಯದಿದ್ದರೂ ಹೊರಗಿನಿಂದ ಅಷ್ಟು ಕಾಣುತ್ತದೆ. ಒಂದೇ ಒಂದು ಪತ್ರ ಎಂದಿದ್ದಳಲ್ಲ? ಕ್ಷಮೆ ಕೇಳಲು ಎಷ್ಟು ದಿನ ಬೇಕು?

ಅಕ್ಟೋಬರ್ 12

ಓದಿದೆ.

ಯಾಕೆ ಓದಿದೆನೆಂದರೆ, ಇದು ಜವಾಬ್ದಾರಿಯ ಪ್ರಶ್ನೆ. ನಾಳೆ ಏನಾದರೂ ಅನಾಹುತವಾದರೆ ಜನ ನನ್ನ ಹತ್ತಿರ ಬಂದು, ‘ಅನುಮತಿ ಕೊಟ್ಟವಳು ನೀನು, ನಿನಗೆ ಗೊತ್ತಿರಲಿಲ್ಲವಾ’ ಎಂದು ಕೇಳುತ್ತಾರೆ. ಒಮ್ಮೆ ನೋಡಿ ಮುಚ್ಚೋಣ ಎಂದುಕೊಂಡೆ. ಮುಚ್ಚುವಾಗ ಒಲೆಯ ಮೇಲಿದ್ದ ಬೇಳೆ ಸೀದುಹೋಗಿತ್ತು.

ಅಲ್ಲಿ ಪ್ರೀತಿಯೂ ಇಲ್ಲ, ಜಗಳವೂ ಇಲ್ಲ. ಗೆಂಚೊ ಅಣ್ಣ ಬರೀ ಮಗಳ ಮಾತು ಬರೆಯುತ್ತಾನೆ. ಇವೆಲಿನಾಗೆ ಸೆಲೆರಿ ಸೊಪ್ಪಿನ ವಾಸನೆ ಆಗುತ್ತಿರಲಿಲ್ಲ, ಅವಳಿಗೆಂದೇ ಸೆಲೆರಿ ಹಾಕದ ಒಂದು ಜಾಡಿ ಬೇರೆ ಮಾಡುತ್ತಿದ್ದನಂತೆ. ಮೆಟ್ಟಿಲು ಹತ್ತುವಾಗ ಗಂಡುಹುಡುಗರ ಹಾಗೆ ಸಿಳ್ಳೆ ಹಾಕುತ್ತಿದ್ದಳಂತೆ. ಚಿಕ್ಕವಳಿದ್ದಾಗ ಸತ್ತ ಗುಬ್ಬಿಯನ್ನು ಜಾಡಿಯಲ್ಲಿಟ್ಟು, ಮುಚ್ಚಳ ಬಿಗಿದು, ತೋಟದಲ್ಲಿ ಹೂತಿದ್ದಳಂತೆ. ‘ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿಲ್ಲ, ಪೆನಾ ಕೋಣೆಗೆ ಬೀಗ ಹಾಕಿದ್ದಾಳೆ, ನೀವು ಕೇಳುತ್ತೀರಿ, ಅದಕ್ಕೆ ಬರೆಯುತ್ತೇನೆ’ ಎಂದಿದ್ದಾನೆ. ಒಂದು ಕಡೆ ಅವನೇ ಕೇಳಿದ್ದಾನೆ: ‘ನಿಮ್ಮ ಹುಡುಗ ಅಲ್ಲಿ ಸರಿಯಾಗಿ ಊಟ ಮಾಡುತ್ತಾನಾ?’

ಅಯ್ಯೋ ದೇವರೇ, ಅದನ್ನು ಓದಿ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡೆ.

ಮತ್ತೊಂದು ಇದೆ, ಅದನ್ನು ಬರೆಯಲೋ ಬೇಡವೋ. ಆ ಸಂಜೆ ಇವೆಲಿನಾ ಬಸ್ ಸ್ಟಾಪಿನಿಂದ ಅಪ್ಪನಿಗೆ ಫೋನ್ ಮಾಡಿದ್ದಳು. ‘ಅಪ್ಪಾ, ಚಳಿಯಾಗ್ತಿದೆ, ಕಾರು ತಗೊಂಡು ಬಾ.’ ಇವನು, ‘ಜಾಡಿಗಳು ಒಲೆ ಮೇಲಿವೆ ಮಗಳೇ, ಬಸ್ಸಿಗೆ ಬಂದುಬಿಡು’ ಎಂದ. ಪೆನಾ ಆಗ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಳು. ಅವಳಿಗೆ ಇದು ಇವತ್ತಿಗೂ ತಿಳಿಯದು. ‘ಒಂದು ಫೋನ್ ಮಾಡಿದ್ದರೆ ನಾವೇ ಹೋಗಿ ಕರ್ಕೊಂಡು ಬರ್ತಿದ್ವಲ್ಲ’ ಎಂದು ಇವತ್ತಿಗೂ ಹೇಳಿಕೊಂಡು ಅಳುತ್ತಾಳಂತೆ, ಇವನು ಎದುರಿಗೆ ಕೂತು ಕೇಳುತ್ತಾನಂತೆ. ‘ಪೆನಾಗೆ ಗೊತ್ತಾದ ದಿನ ನನಗೆ ಹೆಂಡತಿಯೂ ಇಲ್ಲ’ ಎಂದು ಬರೆದಿದ್ದಾನೆ. ಭೂಮಿಯ ಮೇಲೆ ಇದನ್ನು ವರ್ವಾರಾ ಒಬ್ಬಳಿಗೇ ಹೇಳಿದ್ದಾನೆ.

ಈಗ ನನಗೂ ಗೊತ್ತು. ನನ್ನ ಬಾಯಿಗೆ ಬೀಗ.

ಅಕ್ಟೋಬರ್ 19

ಕೆಲಸದಿಂದ ಬಂದು, ಬೂಟು ಕಳಚಿ, ಟೀ ಮಾಡಿಕೊಂಡು ಓದಲು ಕೂರುತ್ತೇನೆ. ಟಿವಿ ಹಾಕಿ ಎಷ್ಟು ದಿನವಾಯಿತೋ. ನಿನ್ನೆ ಅವನು ಹುಡುಗಿಯ ಕೆಂಪು ಬೂಟಿನ ವಿಷಯ ಅರ್ಧಕ್ಕೆ ನಿಲ್ಲಿಸಿದ್ದ. ಇವತ್ತು ದಿನವಿಡೀ, ಹಲ್ಲುನೋವಿನವರ ನಡುವೆ, ಆ ಬೂಟಿಗೆ ಏನಾಯಿತು ಎಂದೇ ಯೋಚನೆ.

ಅಕ್ಟೋಬರ್ 20

ಏನೂ ಬರೆದಿಲ್ಲ. ಜನರಿಗೆ ಜವಾಬ್ದಾರಿಯೇ ಇಲ್ಲ.

ನವೆಂಬರ್ 2

ಗೆಂಚೊ ಅಣ್ಣನಿಗೆ ಸ್ವಲ್ಪ ಸಮಾಧಾನವಾಗಲಿ ಎಂದು ಗುಂಪಿನಲ್ಲಿ ತುರ್ಶಿಯಾ ಹಾಕುವ ವಿಧಾನ ಬರೆದೆ, ಕೋಸು, ಗಜ್ಜರಿ, ಹೂಕೋಸು ಎಲ್ಲ ಸೇರಿಸಿದ ಉಪ್ಪಿನಕಾಯಿ. ಮೇಲೆ ಹೀಗೆ ತಲೆಬರಹ ಕೊಟ್ಟೆ: ‘ಸೆಲೆರಿ ಹಾಕದ್ದು. ಸೆಲೆರಿ ಕಂಡರೆ ಮೂಗು ಮುಚ್ಚುವ ಹೆಣ್ಣುಮಕ್ಕಳ ನೆನಪಿಗೆ. ಲೋವೆಚ್‌ನ ನಮ್ಮ ಗೆಂಚೊ ಅಣ್ಣನಿಗೆ.’

ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಅವನಿಂದ ಒಂದು ಧನ್ಯವಾದವೂ ಇಲ್ಲ. ಬದಲಿಗೆ ವರ್ವಾರಾಳ ಫೋನ್ ಬಂತು.

“ಅಕ್ಕ, ನೀವು ಓದ್ತಾ ಇದ್ದೀರಾ?”

“ಏನನ್ನ?”

“ನಮ್ಮ ಮಾತು.”

“ವರ್ವಾರಾ, ಯಾರ ಜೊತೆ ಮಾತಾಡ್ತಿದ್ದೀರಿ ಅನ್ನೋದು ನೆನಪಿರಲಿ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಸೆಲೆರಿ ಆಗಲ್ಲ.”

“ಸರಿ ಅಕ್ಕ” ಎಂದು ಫೋನ್ ಇಟ್ಟಳು. ನಾನು ಜೀವ ಕೊಟ್ಟವಳಂತೆ! ಎರಡೇ ತಿಂಗಳಲ್ಲಿ ಕಳ್ಳಿಯಾದೆ.

ನವೆಂಬರ್ 9

ಗೆಂಚೊ ಅಣ್ಣ ವರ್ವಾರಾಳಿಗೆ ಬರೆದದ್ದನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ, ನಾನು ಮರೆಯಬಾರದು.

‘ಆ ಹೆಂಗಸು ಓದುತ್ತಿದ್ದಾಳೆ, ಅನುಮಾನವೇ ಇಲ್ಲ. ಬೈಯಬೇಡಿ. ಪಾಪ, ಅವಳಿಗೆ ಬರೆಯುವವರು ಯಾರೂ ಇಲ್ಲ. ನಿಮ್ಮ ಫೋನ್ ನಂಬರ್ ಸಿಕ್ಕಿತು. ಇನ್ನು ಇಲ್ಲಿ ಬೇಡ.’

ಪಾಪ ಅಂತೆ. ಪಾಪ! ಕೊಲೆಗಾರನ ತಾಯಿಯ ಮೇಲೆ ಕನಿಕರ, ಜಾಡಿಗೋಸ್ಕರ ಮಗಳನ್ನು ಬೀದಿಯಲ್ಲಿ ಬಿಟ್ಟವನಿಗೆ ನನ್ನ ಮೇಲೆ ಕನಿಕರ! ಊಟ ಸೇರಲಿಲ್ಲ.

ನವೆಂಬರ್ 16

ಪೆಟ್ಟಿಗೆ ಖಾಲಿ. ಕೋಸು ಉಪ್ಪಿಗೆ ಹಾಕಿದೆ. ನನಗೆ ಯಾರ ಮೇಲೂ ಕೋಪವಿಲ್ಲ.

ನವೆಂಬರ್ 18

ಖಾಲಿ.

ನವೆಂಬರ್ 25

ಹೊಳೆಯಬೇಕಾದದ್ದು ಹೊಳೆಯಿತು. ಡಿಸೆಂಬರ್ ನಾಲ್ಕು ಸಂತ ವರ್ವಾರಾಳ ದಿನ. ಅಂದರೆ ಆ ಸಂತಳ ಹೆಸರಿಟ್ಟುಕೊಂಡ ನಮ್ಮ ಉಪ್ಪುನೀರಿಗೆ ಹೆಸರಿನ ಹಬ್ಬ. ಗುಂಪಿನಲ್ಲಿ ಎಲ್ಲರ ಹೆಸರಿನ ಹಬ್ಬಕ್ಕೂ ಶುಭಾಶಯ ಹಾಕುತ್ತೇನೆ, ಅವಳೊಬ್ಬಳಿಗೆ ಮಾತ್ರ ಇದುವರೆಗೆ ಹಾಕಿಲ್ಲ. ಇದು ಅನ್ಯಾಯವಲ್ಲವೇ?

ಮಿತಾಳನ್ನು ಕೇಳಿದೆ.

“ಯಾರೂ ಬಾರದ ಮನೆ ಅದು. ಜನ ಹೋದ್ರೆ ಖುಷಿಪಡ್ತಾಳೆ, ಅಲ್ವಾ?”

“ಹೆಸರಿನ ಹಬ್ಬಕ್ಕೆ ಯಾರು ಯಾರನ್ನ ಕರೀತಾರೆ? ಬರೋರು ಬರ್ತಾರೆ, ಬಂದೋರನ್ನ ಆಚೆ ಕಳಿಸೋ ಹಾಗಿಲ್ಲ,” ಎಂದು ಮಿತಾ ನನ್ನ ಮುಖವನ್ನೇ ನೋಡಿದಳು. “ಆ ಇಬ್ಬರಲ್ಲಿ ಒಬ್ಬಳಾ ಇವಳು?”

“ಯಾವ ಇಬ್ಬರು?”

“ದೊನ್ಕಾ, ನೀನು ಈ ನಡುವೆ ನಕ್ಕಾಗ ನೋಡಕ್ಕಾಗಲ್ಲ ಕಣೇ.”

ಅವಳಿಗೆ ಹೊಟ್ಟೆಕಿಚ್ಚು. ಅವಳ ಮಾತು ಕೇಳಿ ಗುಂಪು ನಡೆಸುವವರು ಯಾರು?

ಡಿಸೆಂಬರ್ 3

ಬೆಳಗ್ಗೆ ಹಾಕಿದೆ. ಹೂವಿನ ಚಿತ್ರದ ಜೊತೆ:

‘ನಮ್ಮ ಪ್ರೀತಿಯ ಉಪ್ಪುನೀರು ಯಾರು ಗೊತ್ತೇ? ತ್ರೋಯಾನ್ ಊರಿನ ವರ್ವಾರಾ ತೊಪಾಲೊವಾ! ನಾಳೆ ಅವಳ ಹೆಸರಿನ ಹಬ್ಬ. ಮನೆ ಹಳೆ ಸೇತುವೆ ಬೀದಿಯಲ್ಲಿ, ಹಸಿರು ಗೇಟು. ಈಚೆಗೆ ಅವಳಿಗೆ ಬಹಳ ಆಪ್ತನಾಗಿರುವ ಗೆಂಚೊ ಅಣ್ಣ ಮೊದಲು ಬಾಗಿಲು ತಟ್ಟುತ್ತಾನೆಂದು ನನ್ನ ಲೆಕ್ಕ!’

ವರ್ಷದ ಕೊನೆಗೆ ಒಬ್ಬರಿಗೊಬ್ಬರು ಜಾಡಿ ಕಳಿಸುವ ಪದ್ಧತಿ ಇರುವುದರಿಂದ ಎಲ್ಲರ ವಿಳಾಸ ನನ್ನ ಹತ್ತಿರವಿದೆ; ಅವಳು ಅದನ್ನೂ ಅಡ್ಡಹೆಸರಿನಲ್ಲೇ ಕೊಟ್ಟಿದ್ದಳು. ಮನೆತನದ ಹೆಸರು ಹಾಕದಿದ್ದರೆ ಯಾವ ವರ್ವಾರಾ ಎಂದು ಜನಕ್ಕೆ ಹೇಗೆ ತಿಳಿಯಬೇಕು? ಎಲ್ಲ ಸದಸ್ಯರ ಮೇಲ್‌ಗೂ ಹೋಗುವ ಹಾಗೆ ಮಾಡಿದೆ. ಪೆನಾ ನೋಡುತ್ತಾಳೋ ಇಲ್ಲವೋ, ನನಗೇನು ಗೊತ್ತು? ಅವಳು ನೋಡುವುದು ಕೇಕು.

ಹತ್ತು ನಿಮಿಷಕ್ಕೆ ಫೋನ್.

“ಅಕ್ಕ, ತೆಗೀರಿ. ಈಗಲೇ ತೆಗೀರಿ ಅಕ್ಕ, ನಿಮ್ಮ ದಮ್ಮಯ್ಯ.”

“ಹಬ್ಬದ ಶುಭಾಶಯ ಅಳಿಸಿದ್ರೆ ಅಪಶಕುನ ವರ್ವಾರಾ.”

“ನಿಮ್ಮ ಹೊಟ್ಟೇಲೇ ಇರುತ್ತೆ ಅಂದಿದ್ರಲ್ಲ!”

“ನಾನು ಯಾವ ಗುಟ್ಟು ಹೇಳಿದೆ? ಹೆಸರು ಹೇಳಿದೆ. ಹೆಸರು ಪಾಪವಾ?”

“ನನಗಲ್ಲ ಅಕ್ಕ. ನನ್ನ ಬಾಗಿಲಿಗೆ ಬಂದು ಉಗೀಲಿ, ಉಗಿಸ್ಕೋತೀನಿ. ಆ ಮನುಷ್ಯನ ಮನೆ ಹಾಳಾಗುತ್ತೆ.”

ಆ ಮನುಷ್ಯ! ಅವನ ಮೇಲೆ ಎಷ್ಟು ಕಾಳಜಿ ನೋಡಿ. ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಿದ್ದಾರೆ ಎಂದು ಫೋನ್ ಇಟ್ಟೆ. ಆಮೇಲೆ ಅವನದೂ ಬಂತು, ಎತ್ತಲಿಲ್ಲ. ನಾಳೆಗೆ ರಜೆ ಕೇಳಿದ್ದೇನೆ.

ಡಿಸೆಂಬರ್ 4

ಬೆಳಗಿನ ಬಸ್ಸಿಗೆ ತ್ರೋಯಾನ್‌ಗೆ ಹೋದೆ. ಖಾಲಿ ಕೈಯಲ್ಲಿ ಹೋಗುವವಳಲ್ಲ ನಾನು. ಕ್ವಿನ್ಸ್ ಹಣ್ಣಿನ ಜಾಮು ಒಂದು ಜಾಡಿ ಒಯ್ದೆ.

ಹಸಿರು ಗೇಟು ತೆರೆದೇ ಇತ್ತು. ನಮ್ಮ ಗುಂಪಿನವರೇ ಆದ ಊರಿನ ಇಬ್ಬರು ಹೆಂಗಸರು ಬೆಳಗ್ಗೆಯೇ ಬಂದು ಕೂತು, ಗಲಗಲ ಮಾತಾಡುತ್ತ, ವರ್ವಾರಾಳಿಗೆ ಮನೆ ಬಿಟ್ಟು ಓಡಲು ದಾರಿಯಿಲ್ಲದಂತೆ ಮಾಡಿದ್ದರು. ಮೇಜಿನ ಮೇಲೆ ಜೇನು ಸವರಿದ ಪುಟ್ಟ ರೊಟ್ಟಿಗಳು, ಹಣ್ಣಿನ ಸಾರಾಯಿ ರಾಕಿಯಾ, ಉಪ್ಪಿನಕಾಯಿ. ವರ್ವಾರಾ ನಾನಂದುಕೊಂಡಿದ್ದಕ್ಕಿಂತ ಕುಳ್ಳಿ. ನನ್ನನ್ನು ನೋಡಿದ ಕೂಡಲೇ ಯಾರೆಂದು ತಿಳಿದಳು.

“ಬನ್ನಿ ಅಕ್ಕ,” ಎಂದಳು. ಇನ್ನೇನು ಹೇಳುತ್ತಾಳೆ? ಬಂದವರನ್ನು ಕೂರಿಸಲೇಬೇಕು.

ಮಧ್ಯಾಹ್ನದ ಹೊತ್ತಿಗೆ ಪೆನಾ ಬಂದಳು. ಕರಿ ಕೋಟು, ಕರಿ ಸ್ಕಾರ್ಫು, ಕೈಯಲ್ಲಿ ನಾಲ್ಕು ಬಿಳಿ ಸೇವಂತಿಗೆ. ಆ ಇಬ್ಬರು ಹೆಂಗಸರ ಮಾತು ಗಕ್ಕನೆ ನಿಂತಿತು. ನಮ್ಮಲ್ಲಿ ಸರಿಸಂಖ್ಯೆಯ ಹೂವು ಹೆಣಕ್ಕೆ ಒಯ್ಯುವುದು.

“ಹಬ್ಬದ ಶುಭಾಶಯ, ವರ್ವಾರಾ,” ಎಂದು ಹೂವನ್ನು ರೊಟ್ಟಿಗಳ ಮೇಲೆ ಇಟ್ಟಳು.

“ಕೂತ್ಕೊಳ್ಳಿ,” ಎಂದಳು ವರ್ವಾರಾ.

“ಕೂರದೆ ಇರ್ತೀನಾ? ಹಬ್ಬಕ್ಕೆ ಬಂದಿದ್ದೀನಿ.” ಪೆನಾ ಕುರ್ಚಿ ಎಳೆದು ಕೂತಳು. ಆ ಇಬ್ಬರ ಕಡೆ ತಿರುಗಿ, “ಇವಳ ಮಗ ನನ್ನ ಮಗಳನ್ನ ಕೊಂದವನು. ಗೊತ್ತಾ ನಿಮಗೆ? ಇಲ್ವಾ? ತಿನ್ನಿ, ತಿನ್ನಿ, ರೊಟ್ಟಿ ಚೆನ್ನಾಗಿದೆ,” ಎಂದಳು. ಅವರಿಬ್ಬರೂ ಕೋಟು ಎತ್ತಿಕೊಂಡು, ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಹೊರಟರು. ನಾನು ಕದಲಲಿಲ್ಲ. ಯಾರಾದರೂ ಒಬ್ಬರು ಇರಬೇಕಲ್ಲ.

“ಹೊಡೀರಿ,” ಎಂದಳು ವರ್ವಾರಾ. “ನಾನು ಕೈ ಅಡ್ಡ ಇಡಲ್ಲ.”

“ನಿನ್ನ ಮುಟ್ಟಿ ಕೈ ಯಾಕೆ ಹೊಲಸು ಮಾಡ್ಕೊಳ್ಳಲಿ? ನನಗೆ ಬೇರೆ ಬೇಕು. ಮೂರು ವರ್ಷದಿಂದ ನನ್ನ ಗಂಡ ಮಗಳ ಹೆಸರು ಎತ್ತಿಲ್ಲ. ಗೋಡೆ ಥರ ಕೂತಿರ್ತಾನೆ. ನಾನು ಒಬ್ಬಳೇ ಕಿರುಚ್ತೀನಿ, ಒಬ್ಬಳೇ ಸುಮ್ಮನಾಗ್ತೀನಿ. ಅಂಥೋನು ನಿನ್ನ ಹತ್ರ ಮಾತಾಡಿದ್ದಾನೆ. ನಿನ್ನ ಹತ್ರ! ಬೆಳಗ್ಗೆ ಒಪ್ಕೊಂಡ. ಏನೇನು ಹೇಳಿದ? ಎಲ್ಲಾ ಹೇಳು. ನನ್ನ ಮಗಳನ್ನ ನನಗೆ ವಾಪಸ್ ಕೊಡು.”

ಅವನ ಪತ್ರದ ಪ್ರಕಾರ ಹೆಸರೆತ್ತಲು ಬಿಡದವಳು ಇವಳು. ಇವಳ ಮಾತಿನಲ್ಲಿ ಬಾಯಿ ಬಿಡದವನು ಅವನು. ಇಬ್ಬರಲ್ಲಿ ಯಾರು ನಿಜವೋ ನನಗೆ ಬಗೆಹರಿಯಲಿಲ್ಲ.

ವರ್ವಾರಾ ಹೇಳಿದಳು. ನಿಂತುಕೊಂಡೇ, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ, ಒಂದೊಂದೇ. ಸೆಲೆರಿ. ಸಿಳ್ಳೆ. ಗುಬ್ಬಿ. ಕೆಂಪು ಬೂಟನ್ನು ಗೆಳತಿಗೆ ಕೊಟ್ಟು ಬರಿಗಾಲಲ್ಲಿ ಮನೆಗೆ ಬಂದದ್ದು. ಪೆನಾ ಬಾಯಾರಿದವಳು ನೀರು ಕುಡಿಯುವಂತೆ ಕೇಳುತ್ತಿದ್ದಳು. ಗುಬ್ಬಿಯ ಮಾತಿಗೆ ಒಂದು ಸಲ ನಕ್ಕೂಬಿಟ್ಟಳು, ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಅಷ್ಟೇನಾ?”

“ಅಷ್ಟೇ,” ಎಂದಳು ವರ್ವಾರಾ.

ಅಷ್ಟೇ ಅಲ್ಲ. ನಾನು ಪ್ರತಿಯೊಂದು ಪತ್ರವನ್ನೂ ಬಲ್ಲೆ. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು! ಆ ತಾಯಿ ಒಂದೂ ಬಿಡಬೇಡ ಎಂದು ಬೇಡುತ್ತಿದ್ದಾಳೆ, ಇವಳು ಅವನನ್ನು ಉಳಿಸುತ್ತಿದ್ದಾಳೆ.

“ಇನ್ನೊಂದಿತ್ತಲ್ಲ ವರ್ವಾರಾ,” ಎಂದೆ. “ಫೋನಿಂದು.”

ವರ್ವಾರಾ ನನ್ನ ಕಡೆ ತಿರುಗಿದಳು. ಅಂಥ ಮುಖವನ್ನು ನಾನು ಕ್ಲಿನಿಕ್ಕಿನಲ್ಲೂ ಕಂಡಿಲ್ಲ. “ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದವಳು ನಿಜವಾಗಿಯೂ ಮಂಡಿಯೂರಿದಳು.

“ಯಾವ ಫೋನು?” ಎಂದಳು ಪೆನಾ.

ಹೇಳಿದೆ. ಚಳಿಯಾಗುತ್ತಿದೆ, ಕಾರು ತಗೊಂಡು ಬಾ ಅಂದದ್ದು. ಜಾಡಿಗಳು ಒಲೆ ಮೇಲಿವೆ ಅಂದದ್ದು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ.

ಪೆನಾ ರೊಟ್ಟಿಗಳ ಮೇಲಿದ್ದ ಸೇವಂತಿಗೆಯನ್ನು ನೆಟ್ಟಗೆ ಜೋಡಿಸಿದಳು.

“ಪ್ಲಮ್ ಜಾಡಿ,” ಎಂದಳು. “ಸೆಪ್ಟೆಂಬರ್ ಅದು. ಪ್ಲಮ್ ಜಾಮು.” ಮತ್ತೆ, “ಅದನ್ನ ತಿಂದ್ವಿ ನಾವು. ಆ ಚಳಿಗಾಲ ಪೂರ್ತಿ ತಿಂದ್ವಿ. ಅವನೇ ಬ್ರೆಡ್ಡಿಗೆ ಹಚ್ಚಿ ಕೊಡ್ತಿದ್ದ,” ಎಂದಳು.

ಎದ್ದು ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಹೋದಳು. ವರ್ವಾರಾ ನೆಲದ ಮೇಲಿಂದ ಏಳಲಿಲ್ಲ. ನಾನು ಬಂದ ಬಸ್ಸೇ ಸಂಜೆ ವಾಪಸು ಹೊರಡುತ್ತಿತ್ತು, ಸಿಕ್ಕಿತು.

ಡಿಸೆಂಬರ್ 9

ಗೆಂಚೊ ಅಣ್ಣ ಕ್ಲಿನಿಕ್ಕಿಗೆ ಫೋನ್ ಮಾಡಿದ. ಪೆನಾ ಪ್ಲೆವೆನ್‌ನಲ್ಲಿರುವ ತಂಗಿಯ ಮನೆಗೆ ಹೋಗಿಬಿಟ್ಟಳಂತೆ; ಹೋಗುವ ಮುಂಚೆ ಉಗ್ರಾಣದ ಜಾಡಿಗಳನ್ನೆಲ್ಲ ಒಂದೂ ಬಿಡದೆ ಅಂಗಳದಲ್ಲಿ ಒಡೆದಳಂತೆ.

“ನಿಮಗೇನು ಸಿಕ್ತು?” ಎಂದು ಕೇಳಿದ. ದನಿಯಲ್ಲಿ ಕೋಪವೂ ಇರಲಿಲ್ಲ.

“ನಾನು ಸುಳ್ಳು ಹೇಳಿಲ್ಲ ಗೆಂಚೊ ಅಣ್ಣ. ಹೇಳಿದವರು ಬೇರೆ.”

ಅವನು ಗುಂಪು ಬಿಟ್ಟ. ಉಪ್ಪುನೀರೂ ಬಿಟ್ಟಳು. ಮನೆ ಮಾರಾಟಕ್ಕಿದೆ ಎಂದು ತ್ರೋಯಾನ್‌ನವರು ಬರೆದಿದ್ದಾರೆ. ಗೇಟಿನ ಮೇಲೆ ಯಾರೋ ಏನೋ ಗೀಚಿದ್ದಾರಂತೆ. ಇಬ್ಬರ ಖಾತೆಯನ್ನೂ ಅಳಿಸಿದೆ. ಪತ್ರಗಳನ್ನು ಮಾತ್ರ ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ, ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ ಬೇಕಾಗುತ್ತದೆ.

ಮಿತಾಳಿಗೆ ಎಲ್ಲ ವಿವರವಾಗಿ ಹೇಳಿದೆ. ಅವಳು ಕೇಳಿ ಮುಗಿಸಿ, “ಇನ್ನು ನನ್ನ ಮನೆ ಗಂಟೆ ಒತ್ತಬೇಡ,” ಎಂದು ಬಾಗಿಲು ಹಾಕಿಕೊಂಡಳು. ಸತ್ಯ ಯಾರಿಗೂ ಬೇಡ.

ಡಿಸೆಂಬರ್ 21

ಪೆನಾ ಬರೆದಿದ್ದಾಳೆ! ನನಗೆ, ಖಾಸಗಿಯಾಗಿ.

‘ನನಗೆ ಸತ್ಯ ಹೇಳಿದವರು ನೀವೊಬ್ಬರೇ. ಆ ಪತ್ರಗಳು ನಿಮ್ಮ ಹತ್ತಿರ ಇವೆಯಾ? ಅವನು ಇವೆಲಿನಾ ಬಗ್ಗೆ ಬರೆದದ್ದೆಲ್ಲ ಬೇಕು. ನನಗೆ ಈಗ ಅವಳ ದನಿ ಮರೆತುಹೋಗ್ತಾ ಇದೆ.’

ಅನುಮತಿ ಕೇಳದೆ ಬರೆದಿದ್ದಾಳೆ, ಆದರೂ ಮನ್ನಿಸಿದೆ. ಸಿಳ್ಳೆಯ ಪತ್ರ ಕಳಿಸಿದೆ. ಎಷ್ಟು ಉದ್ದದ ಉತ್ತರ ಬರೆದಳು! ಅದರಲ್ಲಿ ಅವಳ ತಂಗಿಯ ಮನೆಯ ವಿಷಯ, ನಿದ್ದೆಯ ವಿಷಯ, ಎಲ್ಲ. ಕೊನೆಯಲ್ಲಿ ‘ನಿಮ್ಮ ಪೆನಾ’ ಎಂದು ಸಹಿ.

ದಿನಕ್ಕೊಂದು ಕಳಿಸುತ್ತೇನೆ. ಎಲ್ಲವನ್ನೂ ಒಂದೇ ಸಲ ಕೊಟ್ಟುಬಿಟ್ಟರೆ ಅವಳಿಗೂ ಜೀರ್ಣವಾಗುವುದಿಲ್ಲ.

ಡಿಸೆಂಬರ್ 31

ಹೊಸ ವರ್ಷಕ್ಕೆಂದು ಚೀಸು ತುಂಬಿದ ಪದರದ ಬನಿತ್ಸಾ ಮಾಡಿದೆ, ಒಬ್ಬಳಿಗೇ ಆದರೂ ಇಡೀ ತಟ್ಟೆ. ಪೆನಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯುತ್ತಾಳೆ. ಇವತ್ತಿನದು ಕೆಂಪು ಬೂಟು. ಇನ್ನು ಸ್ವಲ್ಪವೇ ಉಳಿದಿವೆ.

ಜನವರಿ 11

ಮುಗಿದವು. ‘ಇವತ್ತು ಏನೂ ಇಲ್ಲವಾ’ ಎಂದು ಪೆನಾ ಕೇಳಿದಳು. ಪಾಪ, ಅವಳನ್ನು ಹಾಗೆ ಕಾಯಿಸಬಾರದು.

ಗೆಂಚೊ ಅಣ್ಣನ ಧಾಟಿ ನನಗೆ ಚೆನ್ನಾಗಿ ಬಂದುಬಿಟ್ಟಿದೆ. ಕೂತು ಒಂದು ಬರೆದೆ: ಮೂವರೂ ಸಮುದ್ರಕ್ಕೆ ಹೋದದ್ದು, ಇವೆಲಿನಾ ಕಲ್ಲಂಗಡಿ ಹೋಳನ್ನು ತೆರೆಗಳಿಗೆ ತಿನ್ನಿಸಲು ಹೋಗಿ ಬಿದ್ದದ್ದು, ಎದ್ದು ಅಮ್ಮನ ಕಡೆ ನೋಡಿ ನಕ್ಕದ್ದು. ಬರೆಯುತ್ತ ನನಗೇ ಕಣ್ಣು ತುಂಬಿತು. ಕಳಿಸಿದೆ.

ಉತ್ತರ ಆಗಲೇ ಬಂದಿದೆ. ಹೌದು, ಆ ದಿನ ನನಗೂ ನೆನಪಿದೆ ಎಂದು ಬರೆದಿದ್ದಾಳೆ, ಇವೆಲಿನಾ ಹಳದಿ ಫ್ರಾಕು ಹಾಕಿದ್ದಳಂತೆ.